ಕಾಯಿಲೆಯ ಹೆಸರು ಆಮೇಲೆ, ಮೊದಲು ಕಂಡದ್ದು ಹೇಳಿ

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಹಲ್ಲಿನ ಡಾಕ್ಟರುಗಳೂ ಇದ್ದರು, ಹಲ್ಲಿನ ಡಾಕ್ಟರ್ ಅಂದರೆ ಓಡಿಹೋಗುವವರೂ ಇದ್ದರು. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಅವನ್ನು ಮಾತಲ್ಲೇ ಬಿಡಿಸಿದ್ದೇನೆ.)

ಮೊದಲು ಒಂದು ಎಕ್ಸ್‌ರೇ. ಬಾಯಿಯೊಳಗೆ ಸಣ್ಣ ಸೆನ್ಸರ್ ಇಟ್ಟು ತೆಗೆದದ್ದು, ಕೆಳದವಡೆಯ ಮೂರು ಹಲ್ಲು ಕಾಣುತ್ತಿವೆ. ನಡುವಿನ ಹಲ್ಲಿನ ಬೇರಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ, ಮೆಣಸಿನ ಕಾಳಿನಷ್ಟು. ಡೆಂಟಲ್ ಕಾಲೇಜಿನಲ್ಲಿ ಎಕ್ಸ್‌ರೇ ಓದುವುದನ್ನು ಕಲಿಸುವವಳು ನಾನು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಮೊದಲ ದಿನ ಇದನ್ನೇ ಹಾಕುತ್ತೇನೆ. ಹಾಕಿ "ಏನು ಕಾಣುತ್ತೆ?" ಅಂತ ಕೇಳುತ್ತೇನೆ. ಎರಡು ಸೆಕೆಂಡೂ ಆಗಿರುವುದಿಲ್ಲ, ಹಿಂದಿನ ಬೆಂಚಿನಿಂದ "ಸಿಸ್ಟ್, ಮೇಡಂ" ಅಂತ ಒಂದು ದನಿ. ಮುಂದಿನ ಬೆಂಚಿನವರು ಸುಮ್ನಿರ್ತಾರಾ? "ಆಬ್ಸೆಸ್." "ಗ್ರ್ಯಾನ್ಯುಲೋಮಾ." ನೀರು ತುಂಬಿದ ಚೀಲ, ಕೀವು, ಸೋಂಕಿನ ಗಂಟು, ಮೂರೂ ಕಾಯಿಲೆಯ ಹೆಸರೇ. ಒಬ್ಬರಿಗಿಂತ ಒಬ್ಬರದು ಜೋರು ದನಿ.

ನಾನು ಕೇಳಿದ್ದು ಏನು ಕಾಣುತ್ತೆ ಅಂತ. "ಒಂದು ಕಪ್ಪು ಚುಕ್ಕೆ ಕಾಣುತ್ತೆ" ಅಂತ ಯಾರೂ ಹೇಳುವುದಿಲ್ಲ.

ಅದು ಸಿಸ್ಟ್ ಅಲ್ಲ, ಕೀವೂ ಅಲ್ಲ. ಅದರ ಹೆಸರು ಮೆಂಟಲ್ ಫೊರಾಮೆನ್. ಕೆಳದವಡೆ ಮೂಳೆಯ ಹೊರಮೈಯಲ್ಲಿರುವ ಒಂದು ತೂತು, ಕೆಳತುಟಿಗೆ ಮತ್ತು ಗಲ್ಲಕ್ಕೆ ಹೋಗುವ ನರ ಅಲ್ಲಿಂದ ಹೊರಗೆ ಬರುತ್ತದೆ. ನಿಮಗೂ ಇದೆ, ನನಗೂ ಇದೆ, ಎಡಕ್ಕೊಂದು ಬಲಕ್ಕೊಂದು. ಎಕ್ಸ್‌ರೇ ಬರುವ ಕೋನ ಒಂಚೂರು ಆಚೀಚೆ ಆದರೆ ಸಾಕು, ಆ ತೂತಿನ ನೆರಳು ನೇರವಾಗಿ ಹಲ್ಲಿನ ಬೇರಿನ ತುದಿಗೆ ಬಂದು ಕೂರುತ್ತದೆ, ಬೇರಿಗೇ ಸೋಂಕಾಗಿದೆಯೇನೋ ಅನ್ನುವ ಹಾಗೆ.

ಮಕ್ಕಳನ್ನು ನೋಡಿ ನಗುವ ಹಕ್ಕು ನನಗಿಲ್ಲ. ಇದೇ ತಪ್ಪನ್ನು ನಾನು ಓದು ಮುಗಿಸಿ, ಬಿಳಿ ಕೋಟು ಹಾಕಿಕೊಂಡು, ಕುರ್ಚಿಯಲ್ಲಿ ರೋಗಿಯನ್ನು ಮಲಗಿಸಿಕೊಂಡು ಮಾಡಿದ್ದೆ. ಕೆಳಗೆ ಎಡಗಡೆ ಎಲ್ಲೋ ನೋವು ಅಂತ ಬಂದಿದ್ದರು ಒಬ್ಬ ಹೆಂಗಸು. ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಅವರಿಗೆ ಆಗುತ್ತಿರಲಿಲ್ಲ. ಎಕ್ಸ್‌ರೇ ತೆಗೆದೆ, ಎರಡನೇ ಪ್ರಿಮೋಲಾರ್, ಅಂದರೆ ದೊಡ್ಡ ದವಡೆ ಹಲ್ಲಿಗೆ ಮುಂದಿರುವ ಸಣ್ಣ ಹಲ್ಲು, ಅದರ ಬೇರಿನ ತುದಿಯಲ್ಲಿ ಕಪ್ಪು ಕಂಡಿತು, ಮುಗೀತು. ರೂಟ್ ಕೆನಾಲ್ ಅಂತ ಹೇಳಿಯೂ ಆಯಿತು. ಇಂಜೆಕ್ಷನ್ ಕೈಯಲ್ಲಿದೆ. ಆಗ ಪಕ್ಕದಲ್ಲಿ ಹಾದು ಹೋಗುತ್ತಿದ್ದ ನಮ್ಮ ಸೀನಿಯರ್ ಚಿತ್ರದ ಕಡೆ ಒಂದು ಸಲ ಕಣ್ಣು ಹಾಯಿಸಿ, "ತಣ್ಣಗಿರೋದು ಇಟ್ಟು ನೋಡಿದ್ಯಾ?" ಅಂದರು. ಅಷ್ಟೇ. ಬೈಯಲಿಲ್ಲ, ನಿಲ್ಲಲೂ ಇಲ್ಲ.

ನೋಡಿರಲಿಲ್ಲ. ಐಸ್ ತುಂಡು ಇಟ್ಟೆ. ಆಕೆಗೆ ಜುಮ್ ಅಂತು, ತೆಗೆದ ತಕ್ಷಣ ಹೋಯಿತು. ಅಂದರೆ ಒಳಗಿನ ನರ ಚೆನ್ನಾಗಿದೆ, ಹಲ್ಲು ಜೀವಂತ ಇದೆ. ಪಕ್ಕದ ದವಡೆ ಹಲ್ಲಿಗೆ ಇಟ್ಟೆ, ಅದಕ್ಕೆ ಗೊತ್ತೇ ಆಗಲಿಲ್ಲ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ, ಆಕೆ ನನ್ನ ಕೈ ಹಿಡಿದುಕೊಂಡುಬಿಟ್ಟರು. ಟ್ಯೂಬಿನ ಕೋನ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆದೆ. ಆ ಕಪ್ಪು ಚುಕ್ಕೆ ಬೇರಿನ ತುದಿ ಬಿಟ್ಟು ಪಕ್ಕಕ್ಕೆ ಸರಿದಿತ್ತು, ಬೇರಿನ ಸುತ್ತ ಇರಬೇಕಾದ ಬಿಳಿ ಗೆರೆ ಎಲ್ಲೂ ಮುರಿಯದೆ ಹಾಗೇ ಇತ್ತು. ಹಲ್ಲಿಗೆ ಸೇರಿದ ಕಪ್ಪಾಗಿದ್ದರೆ ಅದು ಹಲ್ಲನ್ನು ಬಿಟ್ಟು ಹೋಗುತ್ತಿರಲಿಲ್ಲ. ಎರಡು ನಿಮಿಷ ತಡವಾಗಿದ್ದರೆ ಗಟ್ಟಿಮುಟ್ಟಾದ ಹಲ್ಲಿಗೆ ತೂತು ಕೊರೆದು, ನೋವಿನ ಹಲ್ಲನ್ನು ಹಾಗೇ ಬಿಟ್ಟು ಕಳಿಸುತ್ತಿದ್ದೆ.

ಆವತ್ತು ತಪ್ಪಿದ್ದು ನನ್ನ ಕಣ್ಣಲ್ಲ. ಕಪ್ಪು ನಿಜವಾಗಿಯೂ ಅಲ್ಲಿತ್ತು, ನನಗೆ ಸರಿಯಾಗೇ ಕಂಡಿತ್ತು. ಅವಸರ ಮಾಡಿದ್ದು ಬಾಯಿ. ಹೆಸರು ಒಂದು ಸಲ ಬಾಯಿಂದ ಬಿತ್ತು ಅಂದರೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತದೆ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಹೇಳಬೇಕು ಅನ್ನಿಸುವುದು ಇದೊಂದೇ.

ಹಲ್ಲಿನ ಡಾಕ್ಟರುಗಳಿಗೂ ಎಕ್ಸ್‌ರೇಗೂ ತುಂಬಾ ಹಳೆಯ ನಂಟು. 1895ರ ನವೆಂಬರ್‌ನಲ್ಲಿ ರಾಂಟ್ಜೆನ್ ಈ ಕಿರಣವನ್ನು ಕಂಡುಹಿಡಿದರು. 1896ರ ಜನವರಿಗೆಲ್ಲ ಜರ್ಮನಿಯ ಒಟ್ಟೊ ವಾಲ್ಕಾಫ್ ತನ್ನದೇ ಬಾಯಿಯೊಳಗೆ ಗಾಜಿನ ಪ್ಲೇಟ್ ಇಟ್ಟುಕೊಂಡು ಹಲ್ಲಿನ ಚಿತ್ರ ತೆಗೆದಿದ್ದರು. ಎಷ್ಟು ಹೊತ್ತು ಗೊತ್ತಾ? 25 ನಿಮಿಷ. ಈಗ ಅದೇ ಕೆಲಸ ಸೆಕೆಂಡಿನ ಒಂದು ಚೂರಿನಲ್ಲಿ ಮುಗಿಯುತ್ತದೆ. ಅದೇ ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಅನ್ನುವ ದಂತವೈದ್ಯರು ರೋಗಿಗಳಿಗೆ ಎಕ್ಸ್‌ರೇ ತೆಗೆಯಲು ಶುರು ಮಾಡಿದರು. ದಿನವೂ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿದರು. ಮೊದಲು ಬೆರಳು ಹೋದವು, ಆಮೇಲೆ ಕೈ, ಆಮೇಲೆ ತೋಳು. ವಿದ್ಯಾರ್ಥಿಗಳಿಗೆ ಈ ಕಥೆ ಹೇಳುವಾಗ ಕ್ಲಾಸು ನಿಶ್ಶಬ್ದ ಆಗುತ್ತದೆ, ಆಗಲಿ. 1910ರ ಹೊತ್ತಿಗೆ ಅಮೆರಿಕದ ಇಂಡಿಯಾನಾದಲ್ಲಿ ಹೋವರ್ಡ್ ರೇಪರ್ ಇದನ್ನು ದಂತವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿಯೇ ಹೇಳಿಕೊಡುತ್ತಿದ್ದರು. 1925ರಲ್ಲಿ, ಮೇಲಿನ ಕೆಳಗಿನ ಹಲ್ಲು ಒಟ್ಟಿಗೆ ಕಾಣುವ ಬೈಟ್‌ವಿಂಗ್ ಚಿತ್ರವನ್ನು ತಂದವರೂ ಅವರೇ. ಅಂದರೆ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಕಲಿಸುತ್ತಿದ್ದೇವೆ. ಗಾಜಿನ ಪ್ಲೇಟ್ ಹೋಗಿ ಫಿಲ್ಮ್ ಬಂತು, ಫಿಲ್ಮ್ ಹೋಗಿ ಸೆನ್ಸರ್ ಬಂತು, ಸಿಬಿಸಿಟಿ ಅನ್ನುವ ಸ್ಕ್ಯಾನ್ ಬಂದು ದವಡೆಯನ್ನು ಮೂರು ಆಯಾಮದಲ್ಲಿ ತಿರುಗಿಸಿ ತೋರಿಸುತ್ತದೆ. ನೋಡುವ ಕಣ್ಣು ಮಾತ್ರ ಅದೇ ಹಳೆಯ ಮಾಡೆಲ್ಲು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಾನು ಶುರು ಮಾಡುವುದು ಇದು ಫೋಟೋ ಅಲ್ಲ ಅನ್ನುವುದರಿಂದ. ಇದು ನೆರಳು. ಚಿಕ್ಕವರಿದ್ದಾಗ ದೀಪದ ಮುಂದೆ ಎರಡು ಕೈ ಸೇರಿಸಿ ಗೋಡೆ ಮೇಲೆ ಜಿಂಕೆ, ಮೊಲ ಮಾಡುತ್ತಿದ್ದೆವಲ್ಲ, ಅದೇ. ಗೋಡೆ ಮೇಲೆ ಮೊಲ ಇದೆ, ಆದರೆ ಕೋಣೆಯಲ್ಲಿ ಮೊಲ ಇಲ್ಲ. ಮುಂದಿರುವುದು, ಹಿಂದಿರುವುದು, ನಡುವೆ ಇರುವುದು ಎಲ್ಲ ಒಂದರ ಮೇಲೊಂದು ಬಿದ್ದು ಒಂದೇ ಹಾಳೆ ಆಗಿರುತ್ತದೆ. ಮುಂದಿನದು ಯಾವುದು ಹಿಂದಿನದು ಯಾವುದು ಅಂತ ತಿಳಿಯಬೇಕಾದರೆ ದೀಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ನೋಡಬೇಕು. ಟ್ಯೂಬ್ ಸರಿದ ಕಡೆಗೇ ನೆರಳೂ ಸರಿದರೆ ವಸ್ತು ನಾಲಿಗೆಯ ಕಡೆ ಇದೆ, ಎದುರು ದಿಕ್ಕಿಗೆ ಸರಿದರೆ ಕೆನ್ನೆಯ ಕಡೆ ಇದೆ. ಈ ಉಪಾಯ 1910ರಷ್ಟು ಹಳೆಯದು, ಕ್ಲಾರ್ಕ್ ಅನ್ನುವವರದು. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತಾರೆ. ಅದಕ್ಕೆ ನಾನು ಸೂತ್ರ ಹೇಳುವುದನ್ನೇ ಬಿಟ್ಟಿದ್ದೇನೆ. ಒಂದು ಕಣ್ಣು ಮುಚ್ಚಿ, ಎರಡು ಪೆನ್ನು ಒಂದರ ಹಿಂದೆ ಒಂದು ಹಿಡಿದುಕೊಂಡು, ತಲೆಯನ್ನು ಪಕ್ಕಕ್ಕೆ ಸರಿಸಿ ನೋಡಿ ಅನ್ನುತ್ತೇನೆ. ದೂರದ ಪೆನ್ನು ನಿಮ್ಮ ಜೊತೆಗೇ ಬಂದಂತೆ ಕಾಣುತ್ತದೆ, ಹತ್ತಿರದ್ದು ಹಿಂದೆ ಉಳಿಯುತ್ತದೆ. ಈಗಲೇ ಮಾಡಿ ನೋಡಿ ಬೇಕಾದರೆ. ಇದನ್ನು ಒಂದು ಸಲ ಮಾಡಿದವರು ಮರೆತದ್ದು ನಾನು ಕಂಡಿಲ್ಲ.

ನೆರಳಿಗೆ ಇನ್ನೊಂದು ಗುಣ ಇದೆ, ಅದು ಎಲ್ಲವನ್ನೂ ಹೇಳುವುದಿಲ್ಲ. ಹುಳುಕು ಹಿಡಿದ ಜಾಗದಲ್ಲಿ ಶೇಕಡಾ 30ರಿಂದ 40ರಷ್ಟು ಖನಿಜ ಕರಗಿ ಹೋಗುವ ತನಕ ಎಕ್ಸ್‌ರೇಯಲ್ಲಿ ಏನೂ ಗೊತ್ತಾಗುವುದಿಲ್ಲ. ಅಂದರೆ ಚಿತ್ರದಲ್ಲಿ ಕಾಣುವ ಹುಳುಕಿಗಿಂತ ಹಲ್ಲಿನಲ್ಲಿರುವ ಹುಳುಕು ಯಾವಾಗಲೂ ಒಂದು ಹೆಜ್ಜೆ ಮುಂದೆ ಇರುತ್ತದೆ. ಮೂಳೆಯದೂ ಇದೇ ಕಥೆ. 1961ರಲ್ಲಿ ಬೆಂಡರ್ ಮತ್ತು ಸೆಲ್ಟ್ಜರ್ ಸತ್ತವರ ದವಡೆ ಮೂಳೆ ತೆಗೆದುಕೊಂಡು, ಒಳಗಿನ ಮೆತ್ತನೆಯ ಸ್ಪಂಜಿನಂಥ ಭಾಗವನ್ನು ಕೊರೆದು ತೆಗೆದು ಎಕ್ಸ್‌ರೇ ಮಾಡಿ ನೋಡಿದರು. ಹೊರಗಿನ ಗಟ್ಟಿ ಪದರಕ್ಕೆ ಪೆಟ್ಟು ಬೀಳುವ ತನಕ ಆ ತೂತು ಚಿತ್ರದಲ್ಲಿ ಸರಿಯಾಗಿ ಮೂಡುತ್ತಲೇ ಇರಲಿಲ್ಲ. ಹಾಗಾಗಿ "ಎಕ್ಸ್‌ರೇ ನಾರ್ಮಲ್ ಇದೆ, ನಿಮಗೆ ಏನೂ ಆಗಿಲ್ಲ" ಅನ್ನುವ ಮಾತನ್ನು ನನ್ನ ವಿದ್ಯಾರ್ಥಿಗಳ ಬಾಯಿಂದ ಬಿಡಿಸಲು ನಾನು ಪಡುವ ಪಾಡು ಅಷ್ಟಿಷ್ಟಲ್ಲ.

ಇದರ ಜೊತೆಗೆ ನೆರಳು ಇಲ್ಲದ್ದನ್ನೂ ಹೇಳುತ್ತದೆ. ಹಲ್ಲಿನ ಕತ್ತು, ಅಂದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಮುಗಿದು ಮೂಳೆ ಇನ್ನೂ ಶುರುವಾಗದ ಆ ಸಣ್ಣ ಪಟ್ಟಿ, ಅಲ್ಲಿ ಕಿರಣವನ್ನು ತಡೆಯಲು ಏನೂ ಜಾಸ್ತಿ ಇರುವುದಿಲ್ಲ. ಹಾಗಾಗಿ ಅಲ್ಲಿ ಕಪ್ಪಗೆ ಕಾಣುತ್ತದೆ. ಹೊಸಬರು ಅದನ್ನು ಹುಳುಕು ಅನ್ನುತ್ತಾರೆ. ಬೆಳ್ಳಗಿನ ಎನಾಮಲ್ ಮತ್ತು ಅದರ ಒಳಗಿನ ಸ್ವಲ್ಪ ಮಸುಕಾದ ಪದರ ಡೆಂಟಿನ್ ಸೇರುವ ಗಡಿಯಲ್ಲಿ ಒಂದು ಕಪ್ಪು ಗೆರೆ ಕಾಣುವುದೂ ಉಂಟು, ಅದಂತೂ ಚಿತ್ರದಲ್ಲೇ ಇರುವುದಿಲ್ಲ, ನಮ್ಮ ಕಣ್ಣೇ ಹುಟ್ಟಿಸಿದ್ದು. ಅರ್ನ್ಸ್ಟ್ ಮಾಕ್ ಅನ್ನುವ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಮಾಕ್ ಬ್ಯಾಂಡ್ ಅಂತಾರೆ. ಪರೀಕ್ಷಿಸುವುದು ಸುಲಭ. ಒಂದು ಚೀಟಿಯನ್ನು ತೆಗೆದುಕೊಂಡು ಬೆಳ್ಳಗಿನ ಭಾಗವನ್ನು ಮುಚ್ಚಿ. ಕಪ್ಪು ಗೆರೆ ಮಾಯವಾದರೆ ಅದು ಕಣ್ಣಿನ ಆಟ, ಅಲ್ಲೇ ಉಳಿದರೆ ಹುಳುಕಿನ ಬಗ್ಗೆ ಯೋಚಿಸಿ. ನನ್ನ ಕ್ಲಾಸಿನಲ್ಲಿ ಎಲ್ಲರ ಜೇಬಿನಲ್ಲೂ ಅಂಥದ್ದೊಂದು ಚೀಟಿ ಇರಬೇಕು. ಲಕ್ಷಗಟ್ಟಲೆ ಬೆಲೆಯ ಮಾನಿಟರ್ ಮುಂದೆ ಕೂತು ಹರಿದ ನೋಟ್‌ಬುಕ್ಕಿನ ಚೂರು ಹಿಡಿದು ನೋಡುವುದನ್ನು ಹೊರಗಿನವರು ಕಂಡರೆ ನಗುತ್ತಾರೆ.

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಪೆನ್ಸಿಲ್.

ಮೊದಲ ಎರಡು ವಾರ ನಾನು ಯಾವ ಕಾಯಿಲೆಯನ್ನೂ ತೋರಿಸುವುದಿಲ್ಲ. ಆರೋಗ್ಯವಾಗಿರುವ ಬಾಯಿಯ ಎಕ್ಸ್‌ರೇ ಕೊಡುತ್ತೇನೆ, ಬಿಳಿ ಹಾಳೆ ಕೊಡುತ್ತೇನೆ, ನೋಡಿ ಬಿಡಿಸಿ ಅನ್ನುತ್ತೇನೆ. ಗೊಣಗುತ್ತಾರೆ. "ನಮಗೆ ಡ್ರಾಯಿಂಗ್ ಬರಲ್ಲ ಮೇಡಂ." ಬರಬೇಕಾಗಿಲ್ಲ, ಚೆಂದ ಇರಬೇಕಾಗಿಲ್ಲ, ಇರುವ ಗೆರೆ ಎಲ್ಲ ಇರಬೇಕು ಅಷ್ಟೇ. ಮೊದಲ ದಿನದ ಚಿತ್ರಗಳು ಸಣ್ಣ ಮಕ್ಕಳ ಪುಸ್ತಕದಲ್ಲಿರುವ ಹಲ್ಲಿನ ಹಾಗೆ ಇರುತ್ತವೆ, ಮೇಲೆ ಕಿರೀಟ, ಕೆಳಗೆ ಎರಡು ಬೇರು, ನಡುವೆ ಒಂದು ನರ. ಅವರು ಬಿಡಿಸುವುದು ತಲೆಯಲ್ಲಿರುವ ಹಲ್ಲನ್ನು, ಮುಂದಿರುವ ಹಲ್ಲನ್ನಲ್ಲ.

ನಾಲ್ಕನೇ ದಿನದ ಹೊತ್ತಿಗೆ ಏನೋ ಬದಲಾಗುತ್ತದೆ. ಬೇರಿನ ಸುತ್ತ ಕೂದಲೆಳೆಯಂಥ ಒಂದು ಕಪ್ಪು ಗೆರೆ ಇದೆ, ಅದು ಹಲ್ಲನ್ನು ಮೂಳೆಗೆ ಕಟ್ಟಿರುವ ನಾರಿನ ಜಾಗ. ಅದರ ಹೊರಗೆ ಒಂದು ಬಿಳಿ ಗೆರೆ, ಅದು ಲ್ಯಾಮಿನಾ ಡ್ಯೂರಾ, ಬೇರು ಕೂತಿರುವ ಗುಳಿಯ ಗೋಡೆ. ಪುಸ್ತಕದಲ್ಲಿ ಇವೆರಡನ್ನೂ ಓದಿಯೇ ಇರುತ್ತಾರೆ. ಆದರೆ ಪೆನ್ಸಿಲ್ ಹಿಡಿದು ಆ ಗೆರೆಯ ಜೊತೆ ಬೇರಿನ ಕೆಳಗೆ ಇಳಿದು ಇನ್ನೊಂದು ಕಡೆ ಹತ್ತುವಾಗ ಮಾತ್ರ, ಅದು ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಅನ್ನುವುದು, ಕೆಲವು ಕಡೆ ಎರಡೆರಡು ಗೆರೆ ಇರುತ್ತದೆ ಅನ್ನುವುದು, ದವಡೆ ಹಲ್ಲಿನ ಎರಡು ಬೇರುಗಳ ನಡುವೆ ಅದು ಹೇಗೆ ಬಾಗುತ್ತದೆ ಅನ್ನುವುದು ಕೈಗೆ ಹತ್ತುತ್ತದೆ. ಒಂದು ವರ್ಷ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯೇ ಬಿಡದವಳು, ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇಲ್ಲಿ ಗೆರೆ ಸಿಗ್ತಾ ಇಲ್ಲ" ಅಂದಳು. ನಾನು ಆರೋಗ್ಯದ ಚಿತ್ರ ಅಂದುಕೊಂಡು ಕೊಟ್ಟಿದ್ದೆ. ನೋಡಿದರೆ ಹೌದು, ಒಂದು ಬೇರಿನ ತುದಿಯಲ್ಲಿ ಬಿಳಿ ಗೆರೆ ಕಡಿದು ಹೋಗಿದೆ, ಸೋಂಕಿನ ಮೊದಲ ಗುರುತು ಅದು. ಆ ಚಿತ್ರವನ್ನು ಮೂರು ವರ್ಷದಿಂದ ನಾರ್ಮಲ್ ಅಂತ ಹಂಚುತ್ತಿದ್ದೆ ನಾನು! ಅವಳಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಗೆರೆ ಇರಬೇಕಿತ್ತು, ಇಲ್ಲ, ಅಷ್ಟೇ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ಸಾಕಾಯಿತು.

ಆಮೇಲೆ ಮಾತು. ಕಂಡದ್ದನ್ನು ಹೇಳುವ ಭಾಷೆ ಬೇಕು. ಎಲ್ಲಿದೆ, ಎಷ್ಟು ದೊಡ್ಡದು, ಅಂಚು ಹೇಗಿದೆ, ಒಳಗೆ ಏನಿದೆ, ಅಕ್ಕಪಕ್ಕದವರಿಗೆ ಏನು ಮಾಡಿದೆ. ಈ ಐದು ಹೇಳಿ ಮುಗಿಯುವ ತನಕ ಕಾಯಿಲೆಯ ಹೆಸರು ಬಾಯಿಗೆ ಬರಬಾರದು. ಅಂಚು ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಬೆಳ್ಳಗೆ ಚೊಕ್ಕವಾಗಿದ್ದರೆ ಸಾಮಾನ್ಯವಾಗಿ ಅದು ನಿಧಾನವಾಗಿ ಬೆಳೆದಿದೆ, ಮೂಳೆಗೆ ಬೇಲಿ ಕಟ್ಟಿಕೊಳ್ಳಲು ಸಮಯ ಸಿಕ್ಕಿದೆ. ಇಲಿ ಕಡಿದ ಹಾಗೆ ಚಿಂದಿಯಾಗಿದ್ದರೆ ಹುಷಾರಾಗಬೇಕು. ಹಲ್ಲಿನ ಬೇರನ್ನು ಪಕ್ಕಕ್ಕೆ ತಳ್ಳಿದೆಯಾ, ಕರಗಿಸಿದೆಯಾ, ಸುಮ್ನೆ ಬೇರಿನ ಸುತ್ತ ಹರಿದುಕೊಂಡು ಹೋಗಿದೆಯಾ, ಒಂದೊಂದಕ್ಕೂ ಒಂದೊಂದು ಅರ್ಥ.

ಬರೀ ಜಾಗ ಎಷ್ಟು ಹೇಳುತ್ತದೆ ನೋಡಿ. ಕೆಳದವಡೆಯ ಹಿಂಭಾಗದಲ್ಲಿ, ಮೂಳೆ ತಿರುಗುವ ಮೂಲೆಗೆ ಸ್ವಲ್ಪ ಮುಂದೆ, ಮೊಟ್ಟೆಯಾಕಾರದ ಕಪ್ಪು ಒಂದಿದೆ ಅಂದುಕೊಳ್ಳಿ. ಅಂಚು ಚೊಕ್ಕ. ಹೆಸರು ಹೇಳುವ ಅವಸರದವರು ಸಿಸ್ಟ್ ಅನ್ನುತ್ತಾರೆ, ಆಪರೇಷನ್ ತನಕ ಹೋಗುತ್ತಾರೆ. ನಿಧಾನವಾಗಿ ವಿವರಿಸುವವರು "ನರ ಹೋಗುವ ಕಾಲುವೆಗಿಂತ ಕೆಳಗಿದೆ" ಅನ್ನುತ್ತಾರೆ, ಹೇಳುತ್ತಾ ಹೇಳುತ್ತಾ ಅವರೇ ನಿಲ್ಲುತ್ತಾರೆ. ಹಲ್ಲಿನಿಂದ ಹುಟ್ಟುವ ಕಾಯಿಲೆಗಳು ಹಲ್ಲಿರುವ ಕಡೆ, ಕಾಲುವೆಯ ಮೇಲೆ ಇರುತ್ತವೆ ತಾನೇ? ಇದು ಕೆಳಗೇಕೆ? 1942ರಲ್ಲಿ ಎಡ್ವರ್ಡ್ ಸ್ಟಾಫ್ನೆ ಇಂಥ 35 ಚಿತ್ರಗಳನ್ನು ಒಟ್ಟಿಗೆ ಇಟ್ಟು ವಿವರಿಸಿದರು. ಅದು ಮೂಳೆಯ ಒಳಮೈಯಲ್ಲಿರುವ ಒಂದು ಗುಳಿ, ಹೆಚ್ಚಾಗಿ ಜೊಲ್ಲುಗ್ರಂಥಿ ಬಂದು ಕೂತಿರುವ ಜಾಗ. ಅದಕ್ಕೆ ಔಷಧಿಯೂ ಬೇಡ, ಆಪರೇಷನ್ನೂ ಬೇಡ.

ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನೋಡುವುದು ನಾವು ಮಾಡುವ ಕೆಲಸ, ಕಾಣುವುದು ತಾನಾಗಿ ಆಗುವುದು. ನೋಡಿದ್ದೆಲ್ಲ ಕಾಣುವುದಿಲ್ಲ. 2013ರಲ್ಲಿ ಒಂದು ಅಧ್ಯಯನ ಬಂತು, ನಿಮ್ಮಲ್ಲಿ ಕೆಲವರು ಕೇಳಿರಬಹುದು. 24 ಜನ ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಇಂಥ ಚಿತ್ರ ಓದುವ ಡಾಕ್ಟರುಗಳಿಗೆ, ಶ್ವಾಸಕೋಶದ ಸಿಟಿ ಚಿತ್ರ ಕೊಟ್ಟು ಗಂಟು ಹುಡುಕಿ ಅಂದರು. ಚಿತ್ರದೊಳಗೆ ಒಂದು ಗೊರಿಲ್ಲಾ ಸೇರಿಸಿದ್ದರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಜನಕ್ಕೆ ಅದು ಕಾಣಲೇ ಇಲ್ಲ. ಕಣ್ಣು ಎಲ್ಲಿ ಹೋಗುತ್ತಿದೆ ಅಂತ ಅಳೆಯುವ ಯಂತ್ರ ಇಟ್ಟಿದ್ದರು, ಕಾಣದವರಲ್ಲಿ ಹೆಚ್ಚಿನವರ ಕಣ್ಣು ಗೊರಿಲ್ಲಾದ ಮೇಲೇ ಬಿದ್ದಿತ್ತು. ನೋಡಿದರು, ಕಾಣಲಿಲ್ಲ.

ನಮ್ಮಲ್ಲಿ ಗೊರಿಲ್ಲಾ ಇಲ್ಲ, ಓಪಿಜಿ ಇದೆ. ಇಡೀ ದವಡೆಯನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ಬಿಚ್ಚಿ ಹಾಸಿದಂಥ ದೊಡ್ಡ ಚಿತ್ರ. ಒಂದು ಸಲ ಸೈಕಲ್ಲಿನಿಂದ ಬಿದ್ದ ಹುಡುಗನೊಬ್ಬ ಬಂದ. ಗಲ್ಲಕ್ಕೆ ಪೆಟ್ಟು, ಹೊಲಿಗೆ ಹಾಕಿಸಿಕೊಂಡು ಬಂದಿದ್ದ, ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು. ಕೊನೇ ವರ್ಷದ ವಿದ್ಯಾರ್ಥಿನಿ ಓಪಿಜಿ ಓದಿದಳು. ಮುರಿದ ಹಲ್ಲಿನ ಬಗ್ಗೆ ಚೆನ್ನಾಗಿ ಬರೆದಳು, ಹುಟ್ಟುತ್ತಿರುವ ಬುದ್ಧಿ ಹಲ್ಲನ್ನೂ ಬಿಡಲಿಲ್ಲ. ಚಿತ್ರದ ಮೇಲಿನ ಮೂಲೆಯಲ್ಲಿ, ಬಲಗಿವಿಯ ಮುಂದೆ, ದವಡೆಯ ಕೀಲಿನ ಕತ್ತು ಮುರಿದು ಬಾಗಿತ್ತು. ಅದನ್ನು ಬರೆಯಲಿಲ್ಲ. ಗಲ್ಲಕ್ಕೆ ಬಿದ್ದ ಪೆಟ್ಟು ಮೂಳೆಯ ಉದ್ದಕ್ಕೂ ಹತ್ತಿ ಕೀಲಿನ ಹತ್ತಿರ ಮುರಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಅವಳಿಗೂ ಗೊತ್ತಿತ್ತು. ಇನ್ನೂ ಹೊಟ್ಟೆ ಉರಿಸುವ ಸಂಗತಿ ಏನು ಅಂದರೆ, ಅದೇ ಕೇಸ್ ಶೀಟಿನಲ್ಲಿ ಅವಳದೇ ಕೈಬರಹದಲ್ಲಿ, ನಾಲ್ಕು ಸಾಲು ಮೇಲೆ, "ಬಾಯಿ ತೆರೆದಾಗ ದವಡೆ ಬಲಕ್ಕೆ ವಾಲುತ್ತದೆ" ಅಂತ ಬರೆದಿತ್ತು. ದವಡೆ ವಾಲುವುದು ಮುರಿದ ಕಡೆಗೇ.

ಒಂದು ಸಿಕ್ಕಿತು ಅಂದರೆ ಹುಡುಕಾಟ ನಿಂತುಹೋಗುತ್ತದೆ. ಹೊಟ್ಟೆ ತುಂಬಿದವರು ಎಲೆ ಬಿಟ್ಟು ಏಳುತ್ತಾರಲ್ಲ, ಹಾಗೆ. ಅಮೆರಿಕದ ಹೆರಾಲ್ಡ್ ಕುಂಡಲ್ ಮತ್ತು ಕ್ಯಾಲ್ವಿನ್ ನೊಡೈನ್ 1970ರ ದಶಕದಲ್ಲಿ, ಚಿತ್ರದಲ್ಲಿರುವುದು ನೋಡುವವರಿಗೆ ಯಾಕೆ ತಪ್ಪಿಹೋಗುತ್ತದೆ ಅನ್ನುವುದನ್ನೇ ಹಿಡಿದು ಕೂತಿದ್ದರು. ಅವರು ಹೇಳಿದ ಪ್ರಕಾರ ತಪ್ಪಿನಲ್ಲಿ ಮೂರು ಬಗೆ. ಕಣ್ಣು ಆ ಕಡೆ ಹೋಗಲೇ ಇಲ್ಲ. ಹೋಯಿತು, ಗುರುತು ಹಿಡಿಯಲಿಲ್ಲ. ಹಿಡಿಯಿತು, ಆದರೆ ಏನಿಲ್ಲ ಬಿಡು ಅಂತ ತೀರ್ಮಾನ ಮಾಡಿತು. ಮೇಷ್ಟ್ರುಗಳಿಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ ನನಗೆ, ಯಾಕೆಂದರೆ ಮೂರಕ್ಕೂ ಬೇರೆ ಬೇರೆ ಔಷಧಿ. ಕಣ್ಣೇ ಹೋಗದವನಿಗೆ "ಇನ್ನೂ ಚೆನ್ನಾಗಿ ಓದ್ಕೊಂಡು ಬಾ" ಅಂದರೆ ಏನು ಉಪಯೋಗ? ಕಣ್ಣಿನ ಯಂತ್ರ ನಮ್ಮ ಹತ್ತಿರ ಇಲ್ಲ, ಅದಕ್ಕೆ ನಾನು ವಿದ್ಯಾರ್ಥಿಗೆ ಒಂದು ಕಡ್ಡಿ ಕೊಡುತ್ತೇನೆ. ನೋಡುತ್ತಿರುವ ಜಾಗಕ್ಕೆಲ್ಲ ಕಡ್ಡಿ ಹೋಗಬೇಕು, ಬಾಯಿ ಜೊತೆಗೆ ಮಾತಾಡಬೇಕು. ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ, ಹತ್ತರಲ್ಲಿ ಎಂಟು ಜನರ ಕಡ್ಡಿ ಹಲ್ಲಿನ ಸಾಲು ಬಿಟ್ಟು ಆಚೆಗೆ ಕಾಲಿಡುವುದಿಲ್ಲ.

ಅದಕ್ಕೆ ನನ್ನ ಕ್ಲಾಸಿನ ನಿಯಮ: ಓಪಿಜಿಯಲ್ಲಿ ಹಲ್ಲು ಕೊನೆಗೆ. ದವಡೆಯ ಕೆಳಗಿನ ಅಂಚಿನಿಂದ ಹೊರಡಿ, ಹಿಂದಿನ ಮೂಲೆ ಹತ್ತಿ ಕೀಲಿಗೆ ಹೋಗಿ, ಇನ್ನೊಂದು ಕಡೆಯೂ ಅಷ್ಟೇ, ಆಮೇಲೆ ಸೈನಸ್ಸು, ಮೂಗು, ಆಮೇಲೆ ಮೂಳೆಯ ನಡುಭಾಗ, ಎಲ್ಲ ಮುಗಿದ ಮೇಲೆ ಹಲ್ಲು. ಹಲ್ಲಿನ ಡಾಕ್ಟರ್ ಆಗಲು ಬಂದವರಿಗೆ ಹಲ್ಲು ಕೊನೆಗೆ ಅಂದರೆ ಕೋಪ ಬರುತ್ತದೆ, ಬರಲಿ. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಪಳಗಿದವರು ಹೀಗೆ ದಾರಿ ಹಿಡಿದು ನೋಡುವುದಿಲ್ಲ. ಅದೇ ಕುಂಡಲ್, ನೊಡೈನ್ 1975ರಲ್ಲಿ ಎದೆಯ ಎಕ್ಸ್‌ರೇಗಳನ್ನು ಸೆಕೆಂಡಿನ ಐದರಲ್ಲಿ ಒಂದು ಭಾಗ ಮಾತ್ರ ತೋರಿಸಿದರು, ಅಷ್ಟರಲ್ಲೇ ರೇಡಿಯಾಲಜಿಸ್ಟ್‌ಗಳು ನೂರಕ್ಕೆ ಸುಮಾರು 70ರಷ್ಟು ದೋಷಗಳನ್ನು ಹಿಡಿದರು. ಅವರಿಗೆ ಮೊದಲ ನೋಟದಲ್ಲೇ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಅದನ್ನು ಕಲಿಸಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ ಅಂತ ನನ್ನ ಗುಮಾನಿ. ಸಾವಿರಾರು ಚಿತ್ರ ನೋಡಿದವರಿಗೆ ಬರುತ್ತದೆ. ಅಲ್ಲಿಯ ತನಕ ಕಡ್ಡಿ ಹಿಡಿದು ದಾರಿಯಲ್ಲಿ ನಡೆಯಬೇಕು.

ಅಂದಹಾಗೆ, ಓಪಿಜಿಗೆ ಮುಂಚೆ ಕಿವಿಯೋಲೆ ತೆಗೆಸಲು ಮರೆತರೆ, ಅದರ ದೆವ್ವ ಎದುರುಗಡೆಯ ದವಡೆಯಲ್ಲಿ, ಸ್ವಲ್ಪ ಮೇಲಕ್ಕೆ, ಮಸುಕಾಗಿ, ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಇಂಥದ್ದಕ್ಕೆ ಒಬ್ಬ ಹುಡುಗ ಅರ್ಧ ಪುಟ ಭಯಂಕರ ವರದಿ ಬರೆದಿದ್ದ.

ಪರೀಕ್ಷೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಚಿತ್ರ ಇಟ್ಟಿರುತ್ತೇವೆ, ಒಂದು ನಿಮಿಷಕ್ಕೊಂದು, ಗಂಟೆ ಹೊಡೆದ ತಕ್ಷಣ ಮುಂದಕ್ಕೆ. ಕೇಳುವುದು ಕಾಯಿಲೆಯ ಹೆಸರು. ಇಟ್ಟ ಪ್ರತಿ ಚಿತ್ರದಲ್ಲೂ ಒಂದು ಕಾಯಿಲೆ, ಅದರಲ್ಲೂ ಜೀವಮಾನದಲ್ಲಿ ಒಂದೋ ಎರಡೋ ಸಲ ಕಾಣುವಂಥದ್ದು. ಆಮೇಲೆ ಮಕ್ಕಳು ಹೆಸರಿಗೆ ಓಡುತ್ತಾರೆ ಅಂತ ಬೈಯುತ್ತೇವೆ! ಓಡುವುದನ್ನು ಕಲಿಸಿದವರೇ ನಾವು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರಲ್ಲ, ಪರೀಕ್ಷೆಯ ಕಣ್ಣಿಗೆ ನೆರಳೆಲ್ಲ ಸಿಸ್ಟು. ನಾನು ನನ್ನ ಕ್ಲಾಸಿನ ಪರೀಕ್ಷೆಯಲ್ಲಿ ಅರ್ಧ ಚಿತ್ರ ಆರೋಗ್ಯದ್ದೇ ಇಡುತ್ತೇನೆ. ಮೊದಲ ಸಲ ಇಟ್ಟಾಗ ಗಲಾಟೆಯೇ ಆಯಿತು. "ನಾರ್ಮಲ್ ಅಂತ ಬರೆಯೋಕೆ ಧೈರ್ಯ ಬರಲಿಲ್ಲ ಮೇಡಂ" ಅಂದ ಒಬ್ಬ. ಆ ಧೈರ್ಯಕ್ಕೂ ನಾನು ಅಂಕ ಕೊಡುತ್ತೇನೆ, ಯಾಕೆ ನಾರ್ಮಲ್ ಅಂತ ನಾಲ್ಕು ಸಾಲು ಬರೆದಿದ್ದರೆ.

ಇನ್ನೊಂದು ಆಟ ಇದೆ, ಇದು ನಮ್ಮ ಗರ್ವ ಇಳಿಸುವುದಕ್ಕೆ. 1972ರಲ್ಲಿ ಗೋಲ್ಡ್‌ಮನ್ ಮತ್ತು ಜೊತೆಗಾರರು ರೂಟ್ ಕೆನಾಲ್ ಆದ 253 ಕೇಸುಗಳ ಎಕ್ಸ್‌ರೇಗಳನ್ನು ಆರು ಜನರಿಗೆ ಕೊಟ್ಟು, ವಾಸಿಯಾಗಿದೆಯೋ ಇಲ್ಲವೋ ಹೇಳಿ ಅಂದರು. ಆರೂ ಜನ ಒಪ್ಪಿದ್ದು ಅರ್ಧಕ್ಕಿಂತ ಕಡಿಮೆ ಕೇಸುಗಳಲ್ಲಿ. ಕೆಲವು ತಿಂಗಳು ಬಿಟ್ಟು ಅವರಲ್ಲಿ ಮೂವರಿಗೆ ಮತ್ತೆ ಕೊಟ್ಟರೆ, ತಮ್ಮದೇ ಹಳೆಯ ಉತ್ತರಕ್ಕೂ ಎಷ್ಟೋ ಕಡೆ ಒಪ್ಪಲಿಲ್ಲ. ನಾನು ಇದನ್ನೇ ಸಣ್ಣದಾಗಿ ಮಾಡುತ್ತೇನೆ. ಮೂರು ವಾರ ಬಿಟ್ಟು, ಹೆಸರು ಮುಚ್ಚಿ, ಕ್ರಮ ಬದಲಿಸಿ ಅದೇ 20 ಚಿತ್ರ ಮತ್ತೆ ಕೊಡುತ್ತೇನೆ, ನಾನೂ ಬರೆಯುತ್ತೇನೆ. ಎರಡೂ ಹಾಳೆ ಗೋಡೆಗೆ ಅಂಟಿಸುತ್ತೇವೆ. ಹೋದ ವರ್ಷ 20ರಲ್ಲಿ ನಾಲ್ಕಕ್ಕೆ ನನ್ನದೇ ಉತ್ತರ ಬದಲಾಗಿತ್ತು. ಬ್ಯಾಚಿನವರು ಅದನ್ನು ಫೋಟೋ ತೆಗೆದು ಇಟ್ಟುಕೊಂಡಿದ್ದಾರೆ.

ಈಗ ಕಂಪ್ಯೂಟರೇ ಹುಳುಕಿನ ಸುತ್ತ ಡಬ್ಬ ಎಳೆದು ತೋರಿಸುತ್ತದೆ. ಒಳ್ಳೆಯದು, ನನಗೆ ಅದರ ಮೇಲೆ ದ್ವೇಷ ಇಲ್ಲ. ಆದರೆ ಡಬ್ಬ ಮೊದಲು ಬಂದರೆ ಕಣ್ಣು ಡಬ್ಬದೊಳಗೇ ಕೂರುತ್ತದೆ. ನಮ್ಮಲ್ಲಿ ಕ್ರಮ ಇಷ್ಟೇ: ಮೊದಲು ಪೆನ್ನಿನಲ್ಲಿ ಬರೆ, ಸಹಿ ಹಾಕು, ಆಮೇಲೆ ಬಟನ್ ಒತ್ತು. ಅದೂ ನೀನೂ ಒಪ್ಪದ ಕಡೆ ಚೀಟಿ ಹಿಡಿದು ನೋಡು.

ಕೊನೆಗೆ ಸಭೆಯಿಂದ ಪ್ರಶ್ನೆಗಳು ಬಂದವು. ಕೋನ ಬದಲಿಸಿ ಮತ್ತೆ ತೆಗೆಯಿರಿ ಅಂತೀರಲ್ಲ, ಕಿರಣ ಜಾಸ್ತಿ ಆಗಲ್ವಾ ಅಂತ ಒಬ್ಬರು. ಆಗುತ್ತದೆ, ಹಾಗಾಗಿ ಕಾರಣ ಇಲ್ಲದೆ ಒಂದೂ ತೆಗೆಯಬಾರದು. ಅಳತೆ ಮಾತ್ರ ತಿಳಿದಿರಲಿ: ಭೂಮಿಯಿಂದ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ (ಮೈಗೆ ಬೀಳುವ ಕಿರಣದ ಅಳತೆ ಅದು) ಹೇಗೂ ಬೀಳುತ್ತದೆ, ಹಲ್ಲಿನ ಒಂದು ಸಣ್ಣ ಎಕ್ಸ್‌ರೇ ಅದರಲ್ಲಿ ಒಂದು ದಿನದ ಪಾಲಿನ ಆಸುಪಾಸು. ಒಳ್ಳೆಯ ಹಲ್ಲನ್ನು ಕೊರೆಯುವುದಕ್ಕಿಂತ ಇನ್ನೊಂದು ಚಿತ್ರ ವಾಸಿ.

ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಅಲ್ಲಮ್ಮಾ, ನಾವೇನು ಡಾಕ್ಟ್ರಲ್ಲ, ನಮ್ಮ ಎಕ್ಸ್‌ರೇ ಪರದೆ ಮೇಲೆ ಬಂದಾಗ ನಾವೇನು ಕೇಳಬೇಕು?" ಅಂದರು. "ಎಲ್ಲಿದೆ, ಬೆರಳಿಟ್ಟು ತೋರಿಸಿ" ಅಂತ ಕೇಳಿ ಅಂದೆ. ತೋರಿಸಿದ ಮೇಲೆ, "ಇನ್ನೊಂದು ಕಡೆ ಹೇಗಿದೆ?" ಅಂತಲೂ ಕೇಳಿ. ದವಡೆಗೆ ಎಡ ಬಲ ಇರುತ್ತದಲ್ಲ, ಹೋಲಿಸಿ ನೋಡಲು ದೇವರೇ ಕೊಟ್ಟಿದ್ದು. ಅವರು ಸ್ವಲ್ಪ ಯೋಚನೆ ಮಾಡಿ, "ಡಾಕ್ಟ್ರಿಗೆ ಬೇಜಾರಾಗಲ್ವಾ?" ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಹಿಂದಕ್ಕೆ ತಿರುಗಿ ಒಟ್ಟಿಗೆ ನಕ್ಕರು. ನಾನು ಮೊದಲನೇ ಚಿತ್ರವನ್ನು ಮತ್ತೆ ಪರದೆಗೆ ಹಾಕಿ, "ಆಗಲ್ಲ ಸರ್, ಬನ್ನಿ, ಇದರ ಮೇಲೆ ಕೇಳಿ ನೋಡಿ" ಅಂತ ಅವರನ್ನೇ ವೇದಿಕೆಗೆ ಕರೆದೆ.